ಕಾಸ್ರೋಡಿಂದ ಮಂಗ್ಳೂರಿನ ಆಸ್ಪತ್ರೆಗೆ ಹೋಗುವ ಮೊದ್ಲು

ಸ್ವಲ್ಪ ದೊಡ್ಡ ಕಾಯಿಲೆ ಅಂದ್ರೆ ಸೀದಾ ಗಡಿಯ ತಲಪಾಡಿ ದಾಟುದೇ ನಮ್ಗೆ ಅಭ್ಯಾಸ, ಆದ್ರೆ ಎಮರ್ಜೆನ್ಸಿ ಅಲ್ಲದಿದ್ರೆ ಮೊದ್ಲು ಆಸ್ಪತ್ರೆಗೆ ಫೋನ್ ಮಾಡಿ, ಕಾರುಣ್ಯ ಕಾರ್ಡ್ (ಕೇರಳ ಸರ್ಕಾರದ ಆರೋಗ್ಯ ವಿಮೆಯ ಕಾರ್ಡ್) ನಿಮ್ಮಲ್ಲಿ ನಡೀತದಾ, ಈ ಆಪರೇಷನಿಗೆ ಉಂಟಾ ಅಂತ ಕೇಳಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗ್ತದೆ, ಆದ್ರೆ ಆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ಅಡ್ಮಿಟ್ ಆಗುವಾಗ್ಲೇ ಕಾರ್ಡ್ ಕೊಡಿ, ಅಂದಾಜು ಖರ್ಚು ಬರೆಸಿಕೊಳ್ಳಿ.

ಡಿಸ್ಚಾರ್ಜ್ ದಿನ ಎಷ್ಟೇ ಗಡಿಬಿಡಿ ಇರ್ಲಿ, ಐಟಂ ಐಟಂ ಬರೆದ ಬಿಲ್ ಕೇಳಿ ಕೂತು ಓದಿ. ನನ್ನ ಅಮ್ಮನಿಗೆ ಒಂದೇ ಸಲ ರಕ್ತ ತೆಗ್ದದ್ದು, ಬಿಲ್ಲಲ್ಲಿ ಅದೇ ಟೆಸ್ಟ್ ಎರಡು ಸಲ ಇತ್ತು, ಪೆನ್ನಲ್ಲಿ ಗೆರೆ ಎಳ್ದು ಕೌಂಟರಲ್ಲಿ ತೋರಿಸಿದ್ಮೇಲೆ ತೆಗೆದ್ರು. ಚೀಟಿಯಲ್ಲಿ ಕಂಪೆನಿ ಹೆಸ್ರಿನ ಬದ್ಲು ಮದ್ದಿನ ಹೆಸ್ರೇ ಬರೀಲಿಕ್ಕೆ ಹೇಳಿ, ಜನೌಷಧಿ ಅಂಗಡಿಯಲ್ಲಿ ಅದೇ ಮದ್ದು ತುಂಬ ಕಮ್ಮಿಗೆ ಸಿಗ್ತದೆ.