ಹಳೆ ಮನೆಯಲ್ಲಿ ಸಿಕ್ಕ ಚಿಲುಮೆ, ಹುಕ್ಕಾ, ಪೈಪು: ಗುರುತು ಹಿಡಿದು ಬೆಲೆ ಕಟ್ಟುವುದು ಹೇಗೆ?

ಮೊದಲು ಹುಣಸೆಹಣ್ಣು, ಬೂದಿ, ಬ್ರಾಸೊ ಎಲ್ಲವನ್ನೂ ಆಚೆ ಇಡಿ. ಅಟ್ಟದಿಂದ ಹಳೇ ಸಾಮಾನು ಇಳಿಸಿದರೆ ನಮ್ಮ ಕಡೆ ಮೊದಲು ಆಗುವ ಕೆಲಸ ತಿಕ್ಕಿ ತೊಳೆಯುವುದು. ಬೆಲೆ ಹೋಗುವುದೂ ಅಲ್ಲೇ. ಒಣ ಬ್ರಷ್‌ನಿಂದ ಧೂಳು ಜಾಡಿಸಿ, ಕಿಟಕಿ ಬೆಳಕಿನಲ್ಲಿ ಎಲ್ಲಾ ಕಡೆಯಿಂದ ಫೋಟೊ ತೆಗೆಯಿರಿ. ಉದ್ದ, ತೂಕ ಬರೆದಿಡಿ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಮೂರು ಬಗೆ: ಚಿಲುಮೆ, ಹುಕ್ಕಾದ ಬುಡ, ವಿಲಾಯ್ತಿ ಮರದ ಪೈಪು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಸೀಮೆ, ಹಾಗಾಗಿ ಅಲ್ಲಿ ಹುಕ್ಕಾದ ಮೇಲೆ ಕಣ್ಣಿಡಿ. ಬಳ್ಳಾರಿ 1800ರಲ್ಲೇ ಕಂಪನಿಯ ಕೈಗೆ ಹೋಗಿ ದಂಡಿನ ಊರಾಯಿತು. ದೊರೆಗಳ ಪೈಪು ಗುಮಾಸ್ತರ ಮನೆ ಸೇರಿದ್ದರೆ ಆಶ್ಚರ್ಯವಿಲ್ಲ.

ಚಿಲುಮೆಯ ವಿಷಯ ಬೇಗ ಮುಗಿಯುತ್ತದೆ. ಮಣ್ಣಿನದಕ್ಕೆ ಹೆಚ್ಚು ಬೆಲೆ ಬರುವುದಿಲ್ಲ. ಹೊಸಪೇಟೆ ಕಡೆ ಯಾರಾದರೂ 'ವಿಜಯನಗರ ಕಾಲದ ಚಿಲುಮೆ' ಅಂದರೆ ನಕ್ಕು ಸುಮ್ಮನಾಗಿ. ಹಂಪಿ ಹಾಳಾದದ್ದು 1565ರಲ್ಲಿ, ತಂಬಾಕು ಸೇದುವುದು ರೂಢಿಯಾಗುವ ಮೊದಲೇ. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಿಂದ ತಂಬಾಕು ಒಯ್ದಾಗ ಮೊಗಲರ ಆಸ್ಥಾನಕ್ಕೆ ಅದು ಇನ್ನೂ ಬೆರಗಿನ ವಸ್ತು.

ಹುಕ್ಕಾದ ಬುಡ ಕಪ್ಪಾಗಿ, ಭಾರವಾಗಿದ್ದರೆ ನಿಧಾನಿಸಿ, ಅದು ಬಿದರಿ ಇರಬಹುದು. ಬಿದರಿ ಅಂದರೆ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರು ತೋಡಿ, ಅದರೊಳಗೆ ಬೆಳ್ಳಿ ಕೂರಿಸಿದ ಕೆಲಸ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿದ ನೀರಿನಲ್ಲಿ ಅದ್ದಿದಾಗ ಸತುವು ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ವರ್ಷಾನುಗಟ್ಟಲೆ ಮೂಲೆಯಲ್ಲಿ ಬಿದ್ದರೆ ಬೆಳ್ಳಿಯೂ ಕರಿಹಿಡಿದು, ಇಡೀ ಬುಡ ಹಂಚಿನ ಹಾಗೆ ಕಾಣುತ್ತದೆ. ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಬೆರಳಗಲ ಜಾಗ ಒರೆಸಿ ನೋಡಿ, ಬಳ್ಳಿಯೋ ಹೂವೋ ಮಿನುಗೀತು. ಕಪ್ಪು ಸವೆದಲ್ಲಿ ಬೂದುಬಣ್ಣ ಕಂಡರೆ ಸತುವು. ಹಳದಿ ಕಂಡರೆ ಅದು ಕಪ್ಪು ಬಣ್ಣ ತುಂಬಿದ ಹಿತ್ತಾಳೆ, ಬಿದರಿ ಅಲ್ಲ. ಬೆಳ್ಳಿ ಉದುರಿದ ಕಡೆ ಉಳಿಯ ಗೀರು ಉಳಿದೇ ಇರುತ್ತದೆ. ನಕಲಿಯಲ್ಲಿ ಬಣ್ಣ ಹೋದರೆ ಕೆಳಗೆ ನುಣ್ಣಗಿರುತ್ತದೆ. ಆಕಾರವೂ ಕಾಲ ಹೇಳುತ್ತದೆ: ಉಂಗುರದ ಮೇಲೆ ಕೂರಿಸಬೇಕಾದ ದುಂಡು ಬುಡ ಹಳೆಯದು, ತಾನೇ ನಿಲ್ಲುವ ಗಂಟೆಯಾಕಾರದ್ದು ಅದರ ನಂತರ ಬಂದದ್ದು. ಹುಳಿ ತಾಗಿದರೆ ಕಪ್ಪು ಎದ್ದುಹೋಗುತ್ತದೆ, ಹಾಗಾಗಿ ಬಿದರಿಗೆ ಹುಣಸೆಹಣ್ಣು ಮುಟ್ಟಿಸಲೇಬಾರದು. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಸಾಕು. ಗುಜರಿಯವನು ಇದನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. ತೂಗಲು ಬಿಡಬೇಡಿ.

ಮರದ ಪೈಪಿನಲ್ಲಿ ಬೆಲೆ ಇರುವುದು ಕುತ್ತಿಗೆಯ (ತಂಬಾಕು ತುಂಬುವ ಬಟ್ಟಲಿಗೂ ಬಾಯಿಕೊಳವೆಗೂ ನಡುವಿನ ಭಾಗ) ಮೇಲಿನ ಮುದ್ರೆಯಲ್ಲಿ. ಒಳ್ಳೆಯ ಪೈಪುಗಳು ಮೆಡಿಟರೇನಿಯನ್ ಕಡೆಯ ಬ್ರೈಯರ್ ಗಿಡದ ಬೇರುಗಂಟಿನಲ್ಲಿ ಕಡೆದವು. ಒಂದು ಬದಿಗೆ ಚುಕ್ಕಿಚುಕ್ಕಿ, ಇನ್ನೊಂದು ಬದಿಗೆ ನೇರ ಗೆರೆ ಕಂಡರೆ ಅದೇ. ಮೊಬೈಲ್ ಟಾರ್ಚ್ ಅನ್ನು ಬದಿಯಿಂದ ಅಡ್ಡಡ್ಡ ಹಿಡಿದರೆ ಸವೆದ ಅಕ್ಷರವೂ ಓದಲು ಬರುತ್ತದೆ. ಇಂಗ್ಲೆಂಡಿನ ಡನ್‌ಹಿಲ್ ಕಂಪನಿಯ ಪೈಪಾದರೆ ಬಾಯಿಕೊಳವೆಯ ಮೇಲ್ಗಡೆ ಬಿಳಿ ಚುಕ್ಕೆ ಇರುತ್ತದೆ, ಇದು 1915ರಿಂದ ಬಂದದ್ದು. ಚುಕ್ಕೆಯೊಂದನ್ನೇ ನಂಬಬೇಡಿ, ಮುದ್ರೆಯೂ ಹೊಂದಬೇಕು. 'ಇಂಗ್ಲೆಂಡ್' ಪದದ ಕೊನೆಗಿರುವ ಪುಟ್ಟ ಅಂಕಿ ತಯಾರಾದ ವರ್ಷದ ಸುಳಿವು, ವೃತ್ತದೊಳಗಿನ ಅಂಕಿ ಬರೀ ಗಾತ್ರ. ಇವೆರಡನ್ನು ಅದಲುಬದಲು ಮಾಡಿಕೊಂಡು ಕಾಲ ತಪ್ಪಾಗಿ ಹೇಳುವವರೇ ಜಾಸ್ತಿ. ಐರ್ಲೆಂಡಿನ ಪೀಟರ್ಸನ್ ಕಂಪನಿಯ ಪೈಪಿನ ಮೇಲೆ 'ಐರಿಷ್ ಫ್ರೀ ಸ್ಟೇಟ್' ಅಂತಿದ್ದರೆ ಅದು 1922-37ರ ಕಾಲದ್ದು, ಆ ಹೆಸರಿನ ದೇಶ ಇದ್ದದ್ದೇ ಆಗ.

ಕುತ್ತಿಗೆಗೆ ಬೆಳ್ಳಿ ಪಟ್ಟಿ ಇದ್ದರೆ ಭೂತಗನ್ನಡಿ ಹಿಡಿಯಿರಿ. ಇಂಗ್ಲೆಂಡಿನ ಮುದ್ರೆಗಳಲ್ಲಿ ನಡೆಯುವ ಸಿಂಹ ಅಂದರೆ 92.5 ಶೇಕಡಾ ಬೆಳ್ಳಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ, ಚಿರತೆ ತಲೆ ಇದ್ದರೆ ಲಂಡನ್ನಿನಲ್ಲಿ ಪರೀಕ್ಷೆಯಾದದ್ದು. ಪಕ್ಕದ ಅಕ್ಷರ ವರ್ಷದ್ದು, ಅದನ್ನು ಹಾಲ್‌ಮಾರ್ಕ್ ಅಕ್ಷರಗಳ ಕೋಷ್ಟಕಕ್ಕೆ ಹೋಲಿಸಬೇಕು. 'ಇ.ಪಿ.' ಅಂತಿದ್ದರೆ ಬರೀ ಬೆಳ್ಳಿ ಲೇಪ. ಪಟ್ಟಿ ಕಿತ್ತು ಪತ್ತಾರರಿಗೆ ಕೊಡುವ ಯೋಚನೆ ಬೇಡ. 6 ಗ್ರಾಂ ಪಟ್ಟಿಯಲ್ಲಿ ಸಿಗುವ ಬೆಳ್ಳಿ ಐದೂವರೆ ಗ್ರಾಂ ಅಷ್ಟೇ, ಪಟ್ಟಿ ಹೋದ ಪೈಪು ಅನಾಥ.

ಬಾಯಿಕೊಳವೆ ಬಿಚ್ಚುವಾಗ ಬಟ್ಟಲು ಹಿಡಿಯಬೇಡಿ. ಕುತ್ತಿಗೆ ಹಿಡಿದು, ಒಂದೇ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ. ಬಾರದಿದ್ದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಮತ್ತೆ ನೋಡಿ. ಜಗ್ಗಿದರೆ ಕುತ್ತಿಗೆ ಸೀಳುತ್ತದೆ. ಕೊಳವೆ ಹಸಿರುಗಂದಾಗಿ, ಉಜ್ಜಿದಾಗ ಗಂಧಕದ ವಾಸನೆ ಬಂದರೆ ಅದು ಎಬೊನೈಟ್, ಅಂದರೆ ಗಂಧಕ ಬೆರೆಸಿದ ಗಟ್ಟಿ ರಬ್ಬರ್. ಬಿಸಿಲು, ಬೆಳಕು ತಿಂದು ಹಾಗಾಗಿದೆ. ಬಳ್ಳಾರಿ ಬೇಸಿಗೆಯಲ್ಲಿ ಗಾಜಿನ ಷೋಕೇಸ್ ಇದಕ್ಕೆ ಶತ್ರು, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ. ಬಟ್ಟಲೊಳಗಿನ ಕರಿ ಪದರ ಒಂದು ಮಿಲಿಮೀಟರ್ ಉಳಿಯಲಿ. ಚಾಕು ಹಾಕಿದರೆ ತಳ ತೂತಾಗುತ್ತದೆ. ಒಳಗೆ ಟಾರ್ಚ್ ಬಿಟ್ಟು ನೋಡಿ: ಗೋಡೆಯಲ್ಲಿ ಗುಳಿಬಿದ್ದು, ಹೊರಗೂ ಅದೇ ಜಾಗ ಕಪ್ಪಾಗಿದ್ದರೆ ಸುಟ್ಟ ಪೈಪು, ಎಷ್ಟು ದೊಡ್ಡ ಹೆಸರಿದ್ದರೂ ಬೆಲೆ ನೆಲಕಚ್ಚುತ್ತದೆ. ಮರಳು ಕಾಗದ ಹಾಕಿ ಮುದ್ರೆ ಅಳಿಸಿದ್ದರೂ ಅಷ್ಟೇ.

ಬೆಳ್ಳಗೆ ಹಗುರವಾದ, ಸೇದಿ ಸೇದಿ ಜೇನುಬಣ್ಣಕ್ಕೆ ತಿರುಗಿದ ಬಟ್ಟಲು ಮೀರ್‌ಷಾಮ್ ಇರಬಹುದು. ಅದು ಟರ್ಕಿಯ ಖನಿಜ, ನೀರು ತಾಗಿಸಬೇಡಿ.

ದರ ನೋಡುವಾಗ ಆನ್‌ಲೈನ್ ಹರಾಜಿನಲ್ಲಿ 'ಮಾರಾಟವಾದವು' ಎಂಬುದನ್ನು ಮಾತ್ರ ಆರಿಸಿ. ಕೇಳುವ ದರ ಏನು ಬೇಕಾದರೂ ಇರಬಹುದು. ಅದೇ ತಯಾರಕ, ಅದೇ ಆಕಾರ, ಅದೇ ಸ್ಥಿತಿಯ ಮೂರು-ನಾಲ್ಕು ಮಾರಾಟ ಹುಡುಕಿ ನಡುವಿನ ದರ ಹಿಡಿಯಿರಿ. ಬಾಯಿಕೊಳವೆ ಬದಲಿಸಿದ್ದರೆ, ಅಂಚು ಸುಟ್ಟಿದ್ದರೆ, ಹಲ್ಲಿನ ಗುರುತು ಆಳವಾಗಿದ್ದರೆ ಅದಕ್ಕೆ ತಕ್ಕಂತೆ ಇಳಿಸಿ.

ನೂರು ವರ್ಷ ದಾಟಿದ ಕುಶಲಕೆಲಸದ ವಸ್ತು 1972ರ ಕಾಯ್ದೆಯಡಿ ಪ್ರಾಚ್ಯವಸ್ತು. ಹೊರದೇಶಕ್ಕೆ ಕಳಿಸುವಂತಿಲ್ಲ, ಅದರ ವ್ಯಾಪಾರ ನಡೆಸಲು ಲೈಸೆನ್ಸ್ ಬೇಕು. ಹಾಗಾಗಿ ಹಳೆಯ ಬಿದರಿ ಬುಡಕ್ಕೆ ವಿದೇಶದಿಂದ ಎಷ್ಟೇ ಗಿರಾಕಿ ಬಂದರೂ ಪಾರ್ಸೆಲ್ ಕಟ್ಟಬೇಡಿ. ಬಾಯಿಕೊಳವೆ ಆನೆದಂತದ್ದು ಅನಿಸಿದರೆ ಮಾರುವ ಮಾತೇ ಇಲ್ಲ, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.