ಛೇದದಲ್ಲಿ ‘ಕ’ ಕುಳಿತಾಗ

ಅರ್ಧ, ಕಾಲು, ಮುಕ್ಕಾಲಿಗೆ ಹೆದರದವರೂ ಗೆರೆಯ ಕೆಳಗೆ ಚರಾಕ್ಷರ ಕಂಡೊಡನೆ ಪೆನ್ನು ಕೆಳಗಿಡುತ್ತಾರೆ. ಮೊದಲು ಸುಲಭದ್ದೊಂದನ್ನು ನೋಡೋಣ.

3/ಕ + 1/2 = 2

ಛೇದಗಳು ಕ ಮತ್ತು 2. ಅವುಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕದು) 2ಕ. ಎರಡೂ ಬದಿಯ ಪ್ರತಿಯೊಂದು ಪದವನ್ನೂ ಅದರಿಂದ ಗುಣಿಸಿ:

6 + ಕ = 4ಕ

ಅಲ್ಲಿಗೆ ಭಿನ್ನರಾಶಿಯ ಕಾಟ ಮುಗಿಯಿತು; ಕ = 2. ಛೇದವೇ ಇಲ್ಲವಲ್ಲ ಎಂದು ಬಲಬದಿಯ ಒಂಟಿ 2ನ್ನು ಗುಣಿಸದೆ ಬಿಟ್ಟಿರೋ, ಉತ್ತರ −4 ಎಂದು ಬಂದು ಕೂರುತ್ತದೆ. ನನ್ನ ಕೆಂಪು ಪೆನ್ನಿನ ಶಾಯಿ ಹೆಚ್ಚು ಖರ್ಚಾಗಿರುವುದು ಇಲ್ಲಿಯೇ.

ಈಗ ಸ್ವಲ್ಪ ಗಟ್ಟಿಯಾದದ್ದು:

ಕ/(ಕ − 2) + 3/(ಕ + 2) = 8/(ಕ² − 4)

ಗುಣಿಸಲು ಅವಸರ ಬೇಡ. ಮೊದಲು ಛೇದಗಳನ್ನು ಅಪವರ್ತಿಸಿ. ಕ² − 4 ಎಂದರೆ (ಕ − 2)(ಕ + 2). ಲ.ಸಾ.ಅ. ಅದೇ. ಮೂರೂ ಛೇದಗಳನ್ನು ಸುಮ್ಮನೆ ಗುಣಿಸಿಕೊಂಡು ಹೋದರೂ ಲೆಕ್ಕ ನಡೆಯುತ್ತದೆ, ಆದರೆ ಪುಟ ತುಂಬುತ್ತದೆ.

ಎರಡನೆಯದಾಗಿ, ಯಾವ ಬೆಲೆಗೆ ಛೇದ ಸೊನ್ನೆಯಾಗುತ್ತದೆಂದು ನೋಡಿ, ಅಂಚಿನಲ್ಲಿ ಬರೆದಿಡಿ: ಕ ≠ 2, ಕ ≠ −2. ಬಹಳ ಮಂದಿ ಹಾರಿಸಿಬಿಡುವ ಹೆಜ್ಜೆ ಇದು.

ಆಮೇಲೆ ಗುಣಾಕಾರ:

ಕ(ಕ + 2) + 3(ಕ − 2) = 8
ಕ² + 5ಕ − 14 = 0
(ಕ + 7)(ಕ − 2) = 0

ಉತ್ತರ −7 ಅಥವಾ 2. ಅಂಚಿನ ಬರಹ ನೋಡಿ: 2ಕ್ಕೆ ಪ್ರವೇಶವಿಲ್ಲ. ಉಳಿದದ್ದು −7 ಮಾತ್ರ. ತಾಳೆ ನೋಡೋಣ. ಎಡಬದಿ 7/9 − 3/5, ಅಂದರೆ 35/45 − 27/45 = 8/45. ಬಲಬದಿ 8/(49 − 4), ಅದೂ 8/45.

ಎಲ್ಲೂ ತಪ್ಪು ಮಾಡದಿದ್ದರೂ 2 ಎಂಬ ಈ ಸುಳ್ಳು ಉತ್ತರ ನುಸುಳಿದ್ದು ಹೇಗೆ? 5 = 7 ಎಂಬುದು ಸುಳ್ಳು. ಎರಡೂ ಬದಿಯನ್ನು ಸೊನ್ನೆಯಿಂದ ಗುಣಿಸಿ, 0 = 0 ಆಗಿ ನಿಜವಾಗಿಬಿಡುತ್ತದೆ! ನಾವು ಗುಣಿಸಿದ (ಕ − 2)(ಕ + 2) ಕೂಡ ಕ = 2 ಆದಾಗ ಸೊನ್ನೆಯೇ. ಹಾಗಾಗಿ ಮೂಲ ಸಮೀಕರಣಕ್ಕೆ ಸಲ್ಲದ ಬೆಲೆ ಹೊಸ ಸಮೀಕರಣಕ್ಕೆ ಸಲ್ಲುತ್ತದೆ.

ಕೆಲವೊಮ್ಮೆ ಕೈಗೆ ಏನೂ ಉಳಿಯುವುದಿಲ್ಲ. ಕ/(ಕ − 3) = 3/(ಕ − 3) + 2 ಬಿಡಿಸಿದರೆ ಸಿಗುವುದು ಕ = 3 ಒಂದೇ, ಅದೂ ನಿಷಿದ್ಧ. ಆಗ ‘ಪರಿಹಾರವಿಲ್ಲ’ ಎಂದು ಧೈರ್ಯವಾಗಿ ಬರೆಯಿರಿ, ಅದೇ ಸರಿಯುತ್ತರ.

ಇನ್ನು ಅಡ್ಡ ಗುಣಾಕಾರ, ಅಂದರೆ ಒಂದು ಬದಿಯ ಅಂಶವನ್ನು ಇನ್ನೊಂದು ಬದಿಯ ಛೇದದಿಂದ ಗುಣಿಸುವುದು. ಎರಡೂ ಬದಿಯಲ್ಲಿ ಒಂದೊಂದೇ ಭಿನ್ನರಾಶಿ ಇದ್ದಾಗ ಮಾತ್ರ ಅದನ್ನು ನೆಚ್ಚಿಕೊಳ್ಳಿ. ಆಗಲೂ ಅಂಚಿನ ಬರಹ ತಪ್ಪಿದ್ದಲ್ಲ.