ಮನೆಯಲ್ಲೇ ಓದುವ ಮಕ್ಕಳಿಗೆ ತಕ್ಕ ಸಾಮಗ್ರಿ ಹುಡುಕುವುದು ಹೇಗೆ?

ಮನೆಯಲ್ಲಿ ಇಬ್ಬರು ಮಕ್ಕಳು. ಒಬ್ಬರಿಗೆ ಓದುವುದೇ ಕಷ್ಟ, ಇನ್ನೊಬ್ಬರು ಒಂದು ಕಡೆ ಕೂರುವುದಿಲ್ಲ. ಇಬ್ಬರಿಗೂ ಒಂದೇ ದುಬಾರಿ ಆ್ಯಪ್ ಹಾಕಿಕೊಟ್ಟರೆ ಏನೂ ಆಗುವುದಿಲ್ಲ. ದುಡ್ಡು ಕೊಡುವ ಮೊದಲು ಕೆಲವು ದಿನ ಸುಮ್ನೆ ಗಮನಿಸಿ. ಕಥೆ ಹೇಳಿದರೆ ಪೂರ್ತಿ ಅರ್ಥವಾಗುವ ಮಗು ಅದನ್ನೇ ಓದಲು ಕೊಟ್ಟರೆ ತಡವರಿಸುತ್ತದೆಯಾ? ಬಾಯಲ್ಲಿ ಉತ್ತರ ಸರಿಯಾಗಿದ್ದು ಬರೆಯುವಾಗ ಮಾತ್ರ ನಿಲ್ಲುತ್ತದೆಯಾ? ಅದನ್ನು ಬರೆದಿಟ್ಟುಕೊಳ್ಳಿ. ನೀವು ಹುಡುಕಬೇಕಾದ್ದು ಅದಕ್ಕೆ ಮಾತ್ರ.

ಓದಿನ ತೊಂದರೆಗೆ ಅಂತ ಇಂಟರ್‌ನೆಟ್‌ನಲ್ಲಿ ಸಿಗುವುದು ಜಾಸ್ತಿ ಇಂಗ್ಲಿಷ್‌ಗಾಗಿ ಮಾಡಿದ್ದು. ಇಂಗ್ಲಿಷಿನ b, d ಅದಲುಬದಲಾಗುವುದನ್ನು ತಿದ್ದುವ ಅಭ್ಯಾಸ ಹಾಳೆಗಳಿಂದ ಕನ್ನಡ ಓದುವ ಮಗುವಿಗೇನು ಲಾಭ? ನಮ್ಮ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ, ಕಾಗುಣಿತದಲ್ಲಿ, ಬ-ಭ, ಪ-ಫ-ಷ ಥರ ನೋಡಲು ಹತ್ತಿರವಿರುವ ಅಕ್ಷರಗಳಲ್ಲಿ. ಅದಕ್ಕೆ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕ್ರಮವನ್ನೇ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಅ-ಆ-ಇ-ಈ ಮೊದಲು ಬರುವುದಿಲ್ಲ, ರ-ಗ-ಸ-ದ-ಅ ಬರುತ್ತವೆ. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ ಅಂತ ಪದಗಳನ್ನೇ ಓದುತ್ತದೆ. ಓದಿನಲ್ಲಿ ಸೋತು ಸೋತು ಮುದುಡಿಕೊಂಡ ಮಗುವಿಗೆ ಈ ಗೆಲುವು ಎಷ್ಟು ದೊಡ್ಡದು ಅಲ್ವಾ! ಕಾರ್ಡುಗಳನ್ನು ಮನೆಯಲ್ಲೇ ಮಾಡಿ: ರಟ್ಟಿನ ಮೇಲೆ ಅಕ್ಷರ ಬರೆದು, ಗೋಂದು ಹಚ್ಚಿ, ಮರಳು ಉದುರಿಸಿದರೆ ಮಗು ಬೆರಳಾಡಿಸಿ ಕಲಿಯಬಹುದು.

ಕಥೆಗಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ಸಾಕು. ಉಚಿತ, ಕನ್ನಡದ ಕಥೆಗಳಿವೆ, ಓದಿನ ಹಂತಕ್ಕೆ ತಕ್ಕಂತೆ ನಾಲ್ಕು ಮಟ್ಟಗಳಿವೆ. ವಯಸ್ಸು ನೋಡಿ ಆರಿಸಬೇಡಿ, ಓದುವ ಶಕ್ತಿ ನೋಡಿ ಆರಿಸಿ. ಆದರೆ ಹನ್ನೊಂದು ವರ್ಷದವರಿಗೆ ತೀರಾ ಪುಟಾಣಿ ಕಥೆ ಕೊಟ್ಟರೆ ನಾಚಿಕೆಪಡುತ್ತಾರೆ, ಅವರಿಗೆ ಪ್ರಾಣಿ, ವಿಜ್ಞಾನದ ಬಗ್ಗೆ ಇರುವ ಸುಲಭ ಪುಸ್ತಕಗಳು ಒಳ್ಳೆಯದು. ಕೂರಲಾಗದ ಮಗುವಿಗೆ ಅದೇ ಕಥೆಯನ್ನು ಮುದ್ರಿಸಿ, ಪುಟಗಳನ್ನು ಬಿಡಿಸಿ ಗೋಡೆಗೆ ಅಂಟಿಸಿ. ಓಡಾಡುತ್ತಲೇ ಓದಲಿ.

ಪಠ್ಯಪುಸ್ತಕಗಳು ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸಿಗುತ್ತವೆ.

ಮಾತು ಅಥವಾ ಕೇಳಿಸುವಿಕೆಯ ತೊಂದರೆ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಕಲಿಕೆಯ ತೊಂದರೆ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಬರುವಾಗ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ಬರೆಸಿಕೊಂಡೇ ಬನ್ನಿ, ನಿಮಗೆ ಅದಕ್ಕಿಂತ ಒಳ್ಳೆಯ ಪಠ್ಯಕ್ರಮ ಸಿಗುವುದು ಕಷ್ಟ.

ಮಗುವಿಗೆ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿದ್ದರೆ ಮನೆಯಲ್ಲೇ ಶಿಕ್ಷಣ ಪಡೆಯುವುದು ಅದರ ಹಕ್ಕು, 2012ರ ತಿದ್ದುಪಡಿಯಿಂದ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಿಮ್ಮ ತಾಲ್ಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ ಗೃಹಾಧಾರಿತ ಶಿಕ್ಷಣ ಬೇಕು ಅಂತ ಕೇಳಿ. ಅಲ್ಲಿ ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು, ಯಾರು ಅಂತಲೂ ವಿಚಾರಿಸಿ. ಇಷ್ಟು ಕೇಳದೆ ಖಾಸಗಿಯವರಿಗೆ ದುಡ್ಡು ಸುರಿಯುವವರನ್ನು ನೋಡಿದರೆ ಬೇಸರವಾಗುತ್ತದೆ.

ಪರೀಕ್ಷೆಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಇದೆ. ಹತ್ತನೇ ತರಗತಿಗೆ ಸಮನಾದ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಕನ್ನಡವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು, ಗಣಿತ ಕಡ್ಡಾಯವಲ್ಲ, ಚಿತ್ರಕಲೆಯೂ ಇದೆ. ಐದು ವರ್ಷದೊಳಗೆ ಒಂದೊಂದೇ ವಿಷಯ ಬರೆದು ಮುಗಿಸಬಹುದು. ಅಂಗವೈಕಲ್ಯವಿರುವ ಮಕ್ಕಳಿಗೆ ಬರೆಯಲು ಸಹಾಯಕರು, ಹೆಚ್ಚುವರಿ ಸಮಯ ಸಿಗುತ್ತದೆ. ಅದಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಅರ್ಜಿ ಹಾಕುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.